ಲ್ಯಾಟಿನ್ ಧ್ಯೇಯವಾಕ್ಯ ಓದೋದು ಹೇಗೆ? ಬಾಲ ನೋಡಿ, ಆಮೇಲೆ ಎಲ್ಲಿಂದ ಕಿತ್ತಿದ್ದು ಅಂತ ನೋಡಿ

ಪ್ರಶ್ನೆ: ಸರ್, ನಾನು ದಾವಣಗೆರೆಲಿ ಮನೇಲೇ ಟ್ಯೂಷನ್ ಮಾಡ್ತೀನಿ, ಎಂಟರಿಂದ ಹತ್ತನೇ ಕ್ಲಾಸ್ ಮಕ್ಕಳಿಗೆ. ಈ ವರ್ಷ ಒಂದು ಬೋರ್ಡ್ ಬರೆಸ್ತಾ ಇದೀನಿ, ಹೆಸರಿನ ಕೆಳಗೆ "ಜ್ಞಾನವೇ ಬೆಳಕು" ಅನ್ನೋದನ್ನ ಲ್ಯಾಟಿನ್‌ನಲ್ಲಿ ಹಾಕೋಣ ಅಂತ ಮೊಬೈಲಲ್ಲಿ ಹುಡುಕಿದ್ರೆ "ಸಿಯೆನ್ಷಿಯಾ ಲಕ್ಸ್ ಲೂಸಿಸ್" ಅಂತ ಬಂತು. ಸರಿ ಇದೆಯಾ? ನಮ್ಮಣ್ಣನ ಮಗ ಬೆಂಗಳೂರಿನ ಬಿಷಪ್ ಕಾಟನ್‌ನಲ್ಲಿ ಓದೋದು, ಅವನ ಬ್ಯಾಡ್ಜ್ ಮೇಲೂ ಒಂದು ಲ್ಯಾಟಿನ್ ಸಾಲಿದೆ, ಅದಕ್ಕೇನರ್ಥ? ಎಲ್ಲರ ಸ್ಟೇಟಸಲ್ಲೂ ಇರೋ "ಕಾರ್ಪೆ ಡೀಮ್" ಕೂಡ ಲ್ಯಾಟಿನ್ನೇ ಅಲ್ವಾ? ಇಂಥದ್ದನ್ನ ನಮ್ಮಂಥವರು ನಾವೇ ಓದಿ ಅರ್ಥ ಮಾಡ್ಕೊಳ್ಳೋಕೆ ಏನಾದ್ರೂ ದಾರಿ ಇದೆಯಾ?

ಉತ್ತರ: ಮೊದಲು ಬೋರ್ಡ್ ವಿಷಯ ಮುಗಿಸಿಬಿಡೋಣ ಮೇಡಂ, ಯಾಕಂದ್ರೆ ಪೇಂಟರ್ ಬಣ್ಣ ಕಲಸೋಕೆ ಮುಂಚೆ ಇದು ನಿಮಗೆ ತಲುಪಬೇಕು. ಆ ಸಾಲು ತಪ್ಪು. ದಯವಿಟ್ಟು ಬರೆಸ್ಬೇಡಿ.

ತಪ್ಪು ಹೇಗಾಗಿದೆ ಅಂತ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಾದ್ರೆ ಲ್ಯಾಟಿನ್ ಅರ್ಧ ಗೊತ್ತಾದ ಹಾಗೆ. ಲ್ಯಾಟಿನ್ ನಿಘಂಟು ತೆಗೆದು ಬೆಳಕು ಅನ್ನೋ ಪದ ನೋಡಿದ್ರೆ ಅಲ್ಲಿ ಒಂದು ಪದ ಇರಲ್ಲ, ಎರಡಿರುತ್ತೆ: "ಲೂಕ್ಸ್, ಲೂಕಿಸ್". ಮೊದಲನೇದು ಬೆಳಕು, ಎರಡನೇದು ಬೆಳಕಿನ. ಎರಡೂ ಯಾಕೆ ಕೊಡ್ತಾರೆ ಅಂದ್ರೆ, ಮೊದಲನೇದು ಒಂದೇ ನೋಡಿದ್ರೆ ಮುಂದಿನ ರೂಪಗಳು ಹೇಗಾಗ್ತವೆ ಅಂತ ಗೊತ್ತಾಗಲ್ಲ. ನಮ್ಮಲ್ಲೂ ಹಂಗೇ ಅಲ್ವಾ, "ಮರ" ಅನ್ನೋದು ಗೊತ್ತಿದ್ರೆ ಸಾಲದು, "ಮರದ" ಅಂತ ಗೊತ್ತಿದ್ರೆ ತಾನೇ ಮರದಿಂದ, ಮರದಲ್ಲಿ ಅಂತ ಹೇಳೋಕಾಗೋದು, ಆ ನಡುವಿನ ದಕಾರ ಎಲ್ಲಿಂದ ಬಂತು ಅಂತ "ಮರ" ನೋಡಿ ಯಾರಿಗೂ ಹೊಳೆಯಲ್ಲ. ಅದಕ್ಕೇ ನಿಘಂಟಿನವರು ಎರಡು ರೂಪ ಕೊಡ್ತಾರೆ. ಯಾರೋ ಪುಣ್ಯಾತ್ಮರು ಆ ಎರಡನ್ನೂ ಒಂದೇ ಪದ ಅಂದ್ಕೊಂಡು ಹಂಗೇ ಎತ್ತಿ ಹಾಕಿದಾರೆ. ನಿಮಗೆ ಸಿಕ್ಕಿದ ಸಾಲನ್ನ ಕನ್ನಡಕ್ಕೆ ತಂದ್ರೆ "ಜ್ಞಾನ ಬೆಳಕು ಬೆಳಕಿನ" ಅಂತ ಆಗುತ್ತೆ. ಬಹಳ ಎಳೆದಾಡಿದ್ರೆ "ಜ್ಞಾನ ಬೆಳಕಿನ ಬೆಳಕು" ಅನ್ನಬಹುದು, ಆದ್ರೆ ನೀವು ಹೇಳೋಕೆ ಹೊರಟಿದ್ದು ಅದಲ್ವಲ್ಲ.

ನಾನು ಸುಮಾರು ವರ್ಷ ಬೆಂಗಳೂರಲ್ಲಿ ಲಾ ಓದೋ ಹುಡುಗರಿಗೂ ಪಾದ್ರಿ ಆಗೋಕೆ ಸೆಮಿನರಿಗೆ ಸೇರಿದ ಹುಡುಗರಿಗೂ ಲ್ಯಾಟಿನ್ ಹೇಳಿಕೊಟ್ಟಿದೀನಿ. ಆ ಅನುಭವದಿಂದ ಒಂದು ಮಾತು ಖಚಿತವಾಗಿ ಹೇಳ್ತೀನಿ, ಕನ್ನಡ ಬಲ್ಲವರಿಗೆ ಲ್ಯಾಟಿನ್ ಕನ್ನಡದ ಬಾಗಿಲಿಂದಾನೇ ಸುಲಭ, ಇಂಗ್ಲಿಷ್ ಬಾಗಿಲಿಂದ ಹೋದ್ರೆ ಸುತ್ತು ದಾರಿ. ಇಂಗ್ಲಿಷಲ್ಲಿ ಯಾರು ಯಾರನ್ನ ಹೊಡೆದ್ರು ಅನ್ನೋದು ಪದ ಎಲ್ಲಿ ಕೂತಿದೆ ಅನ್ನೋದ್ರ ಮೇಲೆ ನಿಂತಿರುತ್ತೆ. ನಮ್ಮಲ್ಲಿ ಪದದ ಬಾಲ ಹೇಳುತ್ತೆ. "ರಾಮ ರಾವಣನನ್ನ ಕೊಂದ" ಅನ್ನಿ, "ರಾವಣನನ್ನ ಕೊಂದ ರಾಮ" ಅನ್ನಿ, ಸತ್ತೋನು ರಾವಣನೇ. ಲ್ಯಾಟಿನ್‌ನಲ್ಲೂ ಅಷ್ಟೇ. ಸ್ಕೂಲಲ್ಲಿ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಅಂತ ಬಾಯಿಪಾಠ ಮಾಡಿದ್ವಲ್ಲ, ಆ ವಿಭಕ್ತಿ ಪ್ರತ್ಯಯಗಳೇ ಇಲ್ಲಿ ನಿಮ್ಮ ಬಂಡವಾಳ.

ಇನ್ನೊಂದು ಚಂದದ ಹೊಂದಾಣಿಕೆ ನೋಡಿ. ವ್ಯಾಕರಣದ ಪುಸ್ತಕದಲ್ಲಿ ತೃತೀಯಾಗೆ "ಇಂದ", ಪಂಚಮಿಗೆ "ದೆಸೆಯಿಂದ" ಅಂತ ಬೇರೆ ಬೇರೆ ಇದ್ರೂ ಮಾತಾಡುವಾಗ ಯಾರು "ಮರದ ದೆಸೆಯಿಂದ ಹಣ್ಣು ಬಿತ್ತು" ಅಂತಾರೆ ಹೇಳಿ? ಚಾಕುವಿಂದ ಕೊಯ್ದೆ, ಮರದಿಂದ ಬಿತ್ತು, ಎರಡಕ್ಕೂ "ಇಂದ". ಲ್ಯಾಟಿನ್‌ನಲ್ಲೂ ಇವೆರಡೂ ಕೆಲಸ ಒಂದೇ ವಿಭಕ್ತಿ ಮಾಡುತ್ತೆ, ಧ್ಯೇಯವಾಕ್ಯಗಳಲ್ಲಿ ಅತಿ ಹೆಚ್ಚು ಬರೋದೂ ಅದೇ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಸ್ಕೂಲಿನ ಧ್ಯೇಯವಾಕ್ಯ "ಫಿದೇ ಎತ್ ಲಬೋರೆ". ಫಿದೇ ಅಂದ್ರೆ ನಂಬಿಕೆಯಿಂದ, ಎತ್ ಅಂದ್ರೆ ಮತ್ತೆ, ಲಬೋರೆ ಅಂದ್ರೆ ದುಡಿಮೆಯಿಂದ. ನಂಬಿಕೆಯಿಂದ, ದುಡಿಮೆಯಿಂದ. ಏನಾಗುತ್ತೆ, ಏನು ಮಾಡ್ಬೇಕು ಅನ್ನೋದು ಇಲ್ಲವೇ ಇಲ್ಲ, ಕ್ರಿಯಾಪದ ಓದೋವ್ರಿಗೆ ಬಿಟ್ಟಿದ್ದು. "ನಂಬಿಕೆ ಮತ್ತು ದುಡಿಮೆ" ಅಂತ ಅರ್ಥ ಬರೆದಿರೋದನ್ನ ಎಷ್ಟೋ ಕಡೆ ನೋಡ್ತೀವಿ, ಆ "ಇಂದ" ಬಿಟ್ಟುಹೋದ್ರೆ ದಾರಿ ತೋರಿಸೋ ಸಾಲು ಬರೀ ಎರಡು ಹೆಸರುಗಳ ಪಟ್ಟಿ ಆಗಿಹೋಗುತ್ತೆ, ನನಗದು ನಿಜವಾಗ್ಲೂ ಬೇಜಾರು.

ಆ "ಫಿದೇ" ನೀವು ಈಗಾಗ್ಲೇ ಬಳಸಿದೀರಿ. ಕಾಲೇಜಲ್ಲಿ ಬಸ್ ಪಾಸ್‌ಗೋ ಸ್ಕಾಲರ್‌ಶಿಪ್‌ಗೋ ಅಂತ ಕ್ಯೂ ನಿಂತು ಬೋನಫೈಡ್ ಸರ್ಟಿಫಿಕೇಟ್ ತಗೊಂಡಿರ್ತೀರಲ್ಲ, ಅದು "ಬೊನಾ ಫಿದೇ", ಒಳ್ಳೆ ನಂಬಿಕೆಯಿಂದ. ಪ್ರಾಕ್ಟಿಕಲ್ ಪರೀಕ್ಷೆ ದಿನ ಎದೆ ಡವಡವ ಅನ್ನಿಸೋ ವೈವಾ ಇದೆಯಲ್ಲ, ಅದು "ವೀವಾ ವೋಕೆ", ಜೀವಂತ ದನಿಯಿಂದ, ಅಂದ್ರೆ ಬರೆದು ಅಲ್ಲ, ಬಾಯಿಂದ. ಪೇಪರಲ್ಲಿ "ಪೊಲೀಸರು ಸುಮೊಟೊ ಕೇಸ್ ದಾಖಲಿಸಿದ್ದಾರೆ" ಅಂತ ಬರುತ್ತಲ್ಲ, ಅದು "ಸುಓ ಮೋತೂ", ತನ್ನದೇ ಚಲನೆಯಿಂದ, ಯಾರೂ ದೂರು ಕೊಡದೇನೇ. ಎಲ್ಲದರ ಕೊನೇಲೂ ಅದೇ ನಮ್ಮ "ಇಂದ" ಕೂತಿದೆ.

ಗ್ರಾಮಸಭೆಲಿ, ಸೊಸೈಟಿ ಮೀಟಿಂಗಲ್ಲಿ "ಕೋರಂ ಇಲ್ಲ, ಸಭೆ ಮುಂದೂಡಿದೀವಿ" ಅಂತಾರಲ್ಲ, ಆ "ಕ್ವೋರುಮ್" ಷಷ್ಠಿ, "ಯಾರ" ಅಥವಾ "ಯಾರಲ್ಲಿ" ಅಂತ ಅರ್ಥ. ಹಿಂದೆ ಇಂಗ್ಲೆಂಡಲ್ಲಿ ನ್ಯಾಯಾಧಿಕಾರಿಗಳನ್ನ ನೇಮಿಸೋ ಲ್ಯಾಟಿನ್ ಆದೇಶದಲ್ಲಿ "ಇವರಲ್ಲಿ ನೀವೊಬ್ಬರು ಇರಲೇಬೇಕು ಅಂತ ನಮ್ಮ ಇಚ್ಛೆ" ಅನ್ನೋ ಥರ ಒಂದು ವಾಕ್ಯ ಇರ್ತಿತ್ತು, ಆ ವಾಕ್ಯದ ಮೊದಲನೇ ಪದ ಮಾತ್ರ ಕಿತ್ಕೊಂಡು ಬಂದು ನಮ್ಮ ಪಂಚಾಯ್ತಿ ಕಟ್ಟೆ ಮೇಲೆ ಕೂತಿದೆ.

ಇದಕ್ಕಿಂತ ದೊಡ್ಡದು ಬಸ್ಸಿನ ಕಥೆ. "ಓಮ್ನಿಸ್" ಅಂದ್ರೆ ಎಲ್ಲ. "ಓಮ್ನಿಬುಸ್" ಅಂದ್ರೆ ಎಲ್ಲರಿಗೆ, ಚತುರ್ಥಿ ಬಹುವಚನ. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಊರಲ್ಲಿ ದುಡ್ಡು ಕೊಟ್ಟವರು ಯಾರು ಬೇಕಾದ್ರೂ ಹತ್ತಬಹುದಾದ ಕುದುರೆಗಾಡಿ ಶುರುವಾಗಿ ಅದಕ್ಕೆ ಓಮ್ನಿಬಸ್ ಅನ್ನೋ ಹೆಸರು ಬಂತು, ಆಮೇಲೆ ಜನರ ಬಾಯಲ್ಲಿ ಮುಂದಿನ ಭಾಗ ಸವೆದು ಬರೀ ಬಾಲ ಉಳೀತು. ನಾವು ದಿನಾ ಹತ್ತಿ ಇಳಿಯೋ "ಬಸ್" ಒಂದು ಪದಾನೇ ಅಲ್ಲ, ವಿಭಕ್ತಿ ಪ್ರತ್ಯಯ, ನಮ್ಮ "ಗೆ" ಇದ್ದ ಹಾಗೆ! ಸಂಸ್ಕೃತ ಓದಿದವರು ಇನ್ನೂ ಖುಷಿಪಡಬಹುದು, "ದೇವೇಭ್ಯಃ" ಅನ್ನೋದ್ರಲ್ಲಿರೋ "ಭ್ಯಃ" ಮತ್ತೆ ಲ್ಯಾಟಿನ್ "ಬುಸ್" ಎರಡೂ ಒಂದೇ ಮೂಲದ ಅಣ್ಣತಮ್ಮಂದಿರು, ಅಗ್ನಿ ಮತ್ತು ಇಗ್ನಿಸ್, ಮಾತೃ ಮತ್ತು ಮಾತೆರ್ ಇದ್ದ ಹಾಗೆ.

ಇದೇ "ಬುಸ್" ಬಾಲ ಅಮೆರಿಕದ ರಾಜಮುದ್ರೆ ಮೇಲೂ ಇದೆ, "ಏ ಪ್ಲೂರಿಬುಸ್ ಊನುಮ್", ಹಲವರಿಂದ ಒಂದು. ಇಲ್ಲಿ ಬುಸ್ ಅಂದ್ರೆ "ಇಂದ", ಬಹುವಚನದಲ್ಲಿ ಚತುರ್ಥಿಗೂ ಇದಕ್ಕೂ ಒಂದೇ ಬಾಲ. 13 ವಸಾಹತುಗಳು ಸೇರಿ ಒಂದು ದೇಶ ಆಗಿದ್ದಕ್ಕೆ ಈ ಸಾಲು, 1782ರ ಮುದ್ರೆಲಿ ಬಂತು. ಆದ್ರೆ ಇದಕ್ಕೆ ಬಹಳ ಹತ್ತಿರದ ಮಾತು ಎರಡು ಸಾವಿರ ವರ್ಷದ ಹಿಂದಿನ ಒಂದು ಲ್ಯಾಟಿನ್ ಪದ್ಯದಲ್ಲಿದೆ, ರೋಮನ್ ಕವಿ ವರ್ಜಿಲ್ ಹೆಸರಲ್ಲಿ ಬಂದಿರೋ "ಮೊರೇತುಮ್" ಅನ್ನೋ ಪದ್ಯ, ಮತ್ತೆ ಅಲ್ಲಿ ನಡೀತಿರೋದು ಏನು ಗೊತ್ತಾ, ಬಡ ರೈತನೊಬ್ಬ ಬೆಳಗಿನ ಜಾವ ಎದ್ದು ಚಟ್ನಿ ಅರೀತಾ ಇದಾನೆ. ಬೆಳ್ಳುಳ್ಳಿ ಸಿಪ್ಪೆ ಸುಲೀತಾನೆ, ಉಪ್ಪು, ಚೀಸ್, ಕೊತ್ತಂಬರಿ, ಇನ್ನೊಂದೆರಡು ಸೊಪ್ಪು ಒರಳಿಗೆ ಹಾಕಿ ಕುಟ್ಟುತಾನೆ, ಘಾಟಿಗೆ ಕಣ್ಣಲ್ಲಿ ನೀರು ಬರುತ್ತೆ, ಕೈ ಸುತ್ತಿ ಸುತ್ತಿ ಒಂದೊಂದು ಸಾಮಾನೂ ತನ್ನ ಬಣ್ಣ ಬಿಟ್ಟುಕೊಡುತ್ತೆ, ಪೂರ್ತಿ ಹಸಿರೂ ಅಲ್ಲ, ಪೂರ್ತಿ ಬಿಳಿಯೂ ಅಲ್ಲ, "ಬಣ್ಣ ಹಲವರಿಂದ ಒಂದಾಯ್ತು" ಅಂತಾನೆ ಕವಿ. ಒರಳುಕಲ್ಲು ನೋಡಿದೋರಿಗೆ ಈ ಸಾಲು ಅರ್ಥ ಆಗೋ ಹಾಗೆ ಬೇರೆಯವರಿಗೆ ಆಗುತ್ತೋ ಇಲ್ವೋ.

ಇನ್ನು ಕ್ರಿಯಾಪದ. ಕ್ರಿಸ್ತಪೂರ್ವ 47ರಲ್ಲಿ, ಈಗಿನ ಟರ್ಕಿಲಿರೋ ಜೇಲಾ ಅನ್ನೋ ಜಾಗದಲ್ಲಿ ಫಾರ್ನೇಸಿಸ್ ಅನ್ನೋ ರಾಜನ್ನ ಸೋಲಿಸಿದ ಮೇಲೆ ಜೂಲಿಯಸ್ ಸೀಸರ್ ಹೇಳಿದ್ದು ಅಂತ ಪ್ರಸಿದ್ಧ ಆಗಿರೋದು "ವೇನೀ, ವೀದೀ, ವೀಕೀ". ಇಂಗ್ಲಿಷಿಗೆ ತರುವಾಗ ಮೂರು ಸಲ "ನಾನು" ಅಂತ ಸೇರಿಸ್ಲೇಬೇಕು, ಆರು ಪದ ಆಗುತ್ತೆ, ಬಿಗಿ ಹೋಗುತ್ತೆ. ಕನ್ನಡಕ್ಕೆ ತನ್ನಿ: "ಬಂದೆ, ನೋಡಿದೆ, ಗೆದ್ದೆ." ಮೂರಕ್ಕೆ ಮೂರೇ. "ನಾನು" ಅನ್ನೋದು ಆ ಕೊನೆಯ ಎಕಾರದೊಳಗೇ ಇದೆ, ಲ್ಯಾಟಿನ್‌ನಲ್ಲಿ ಈಕಾರದೊಳಗೆ ಇದ್ದ ಹಾಗೆ. ಕ್ಲಾಸಲ್ಲಿ ನಾನು ಮೊದಲನೇ ದಿನ ಬೋರ್ಡ್ ಮೇಲೆ ಬರೀತಿದ್ದಿದ್ದು ಇದನ್ನೇ, ಇದನ್ನ ನೋಡಿದ ಮೇಲೆ ಹುಡುಗರ ಭಯ ಅರ್ಧ ಇಳೀತಿತ್ತು.

ಹಂಗೇ "ಮುಸ್" ಅಂತ ಮುಗಿದ್ರೆ "ನಾವು", ನಮ್ಮ "ಮಾಡ್ತೀವಿ"ಲಿರೋ "ವಿ" ಥರ. ಹೈಕೋರ್ಟಿನ ಮ್ಯಾಂಡಮಸ್ ರಿಟ್ ಅಂತಾರಲ್ಲ, "ಮಂದಾಮುಸ್" ಅಂದ್ರೆ "ಅಪ್ಪಣೆ ಮಾಡ್ತೀವಿ". ನಮ್ಮ ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲಿ ಹೆಸರಿಸಿರೋ ರಿಟ್‌ಗಳಲ್ಲಿ ಅದೊಂದು, ಇನ್ನೊಂದು ಹೇಬಿಯಸ್ ಕಾರ್ಪಸ್. ಪೇಪರ್ ಓದೋ ಪ್ರತಿಯೊಬ್ಬರಿಗೂ ಆ ಹೆಸರು ಗೊತ್ತು, ಆದ್ರೆ ಅದು ಯಾರು ಯಾರಿಗೆ ಹೇಳ್ತಿರೋ ಮಾತು ಅಂತ ಕೇಳಿದ್ರೆ ಲಾ ಹುಡುಗರೂ ತಡವರಿಸ್ತಿದ್ರು. "ಹಾಬೆಆಸ್" ಅನ್ನೋದ್ರ ಕೊನೇಲಿರೋ ಸಕಾರ "ನೀನು". ಕೋರ್ಟು ಒಬ್ಬನನ್ನ ಹಿಡಿದಿಟ್ಟುಕೊಂಡಿರೋ ಅಧಿಕಾರಿಗೆ ನೇರವಾಗಿ ಹೇಳ್ತಿದೆ, ಆ ಶರೀರ ನಿನ್ನ ಹತ್ತಿರ ಇರ್ಲಿ, ಅಂದ್ರೆ ಆ ಮನುಷ್ಯನನ್ನ ನಮ್ಮ ಮುಂದೆ ತಂದು ನಿಲ್ಲಿಸು ಅಂತ. ಕಾಣೆಯಾದ ಮಗನಿಗಾಗಿ ತಾಯಿಯೊಬ್ಬಳು ಹೈಕೋರ್ಟಿಗೆ ಹಾಕೋ ಅರ್ಜಿಯೊಳಗೆ ಆ ಒಂದು ಅಕ್ಷರದ "ನೀನು" ಕೂತಿದೆ ಅಂತ ಗೊತ್ತಾದಾಗ ನನ್ನ ಕ್ಲಾಸ್ ಒಂದು ಕ್ಷಣ ಸುಮ್ಮನಾಗಿದ್ದು ನನಗೆ ಈಗಲೂ ನೆನಪಿದೆ.

ಬಾಲ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ನನ್ನ ಕಣ್ಣೆದುರೇ ನಡೆದಿದ್ದು ಒಂದು. ಒಂದು ಸಂಸ್ಥೆಯವರು ಹೊಸ ಕಟ್ಟಡಕ್ಕೆ ಹಿತ್ತಾಳೆ ಫಲಕ ಮಾಡಿಸಿ, ಉದ್ಘಾಟನೆಗೆ ಎರಡು ದಿನ ಇದೆ ಅನ್ನುವಾಗ ನನ್ನನ್ನ ಕರೆದು ತೋರಿಸಿದ್ರು. "ಲಬೊರ್ ಓಮ್ನಿಯ ವಿಂಕಿತ್", ದುಡಿಮೆ ಎಲ್ಲವನ್ನೂ ಗೆಲ್ಲುತ್ತೆ ಅಂತ ಇರ್ಬೇಕಿತ್ತು. ಫಲಕದ ಮೇಲೆ "ಲಬೊರ್ ಓಮ್ನೇಸ್ ವಿಂಕಿತ್" ಅಂತಿತ್ತು. ಓಮ್ನಿಯ ಅಂದ್ರೆ ಎಲ್ಲವನ್ನೂ, ಓಮ್ನೇಸ್ ಅಂದ್ರೆ ಎಲ್ಲರನ್ನೂ. ದುಡಿಮೆ ಎಲ್ಲರನ್ನೂ ಸೋಲಿಸುತ್ತೆ! ಎರಡಕ್ಷರ ತಿದ್ದಿದ್ರೆ ಸಾಕಿತ್ತು, ನಾನು ಬರೆದೂ ಕೊಟ್ಟೆ, ಯಾರು ಲ್ಯಾಟಿನ್ ಓದ್ತಾರೆ ಬಿಡಿ ಸರ್ ಅಂತ ಹಂಗೇ ಗೋಡೆಗೆ ಹಾಕಿದ್ರು. ಅದರ ಕೆಳಗೇ ಮಕ್ಕಳು ಓಡಾಡ್ತಾವೆ, ಯಾವತ್ತೋ ಒಂದು ಮಗು ಅದನ್ನ ಓದಿ ಅರ್ಥ ಹುಡುಕುತ್ತೆ, ಅದಕ್ಕೇ ನೀವು ಬರೆಸೋಕೆ ಮುಂಚೆ ಕೇಳಿದ್ದು ನನಗೆ ಬಹಳ ಖುಷಿಯಾಯ್ತು.

ಈಗ ನಿಮ್ಮಣ್ಣನ ಮಗನ ಬ್ಯಾಡ್ಜ್. "ನೆಕ್ ದೆಕ್ಸ್‌ತ್ರೋರ್ಸುಮ್ ನೆಕ್ ಸಿನಿಸ್‌ತ್ರೋರ್ಸುಮ್." ನೆಕ್ ಅಂತ ಎರಡು ಸಲ ಬಂದ್ರೆ "ಅದೂ ಅಲ್ಲ, ಇದೂ ಅಲ್ಲ". ದೆಕ್ಸ್‌ತ್ರೋರ್ಸುಮ್ ಬಲಗಡೆಗೆ, ಸಿನಿಸ್‌ತ್ರೋರ್ಸುಮ್ ಎಡಗಡೆಗೆ. ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ. ಮತ್ತೆ ಕ್ರಿಯಾಪದ ಇಲ್ಲ, ಹೊರಳಬೇಡ ಅನ್ನೋದನ್ನ ನಾವೇ ತುಂಬ್ಕೋಬೇಕು. ಇದರ ಬೇರು ಬೈಬಲಿನ ಯೆಹೋಶುವನ ಪುಸ್ತಕದ ಮೊದಲನೇ ಅಧ್ಯಾಯದಂಥ ಕಡೆ ಇದೆ, ಮೋಶೆ ಸತ್ತ ಮೇಲೆ ಜನರನ್ನ ಮುನ್ನಡೆಸೋ ಭಾರ ಯೆಹೋಶುವನ ಹೆಗಲಿಗೆ ಬಿದ್ದಾಗ ದೇವರು ಅವನಿಗೆ ಧೈರ್ಯ ಹೇಳ್ತಾ ನಿಯಮ ಬಿಟ್ಟು ಎಡಕ್ಕಾಗ್ಲಿ ಬಲಕ್ಕಾಗ್ಲಿ ಹೊರಳಬೇಡ ಅಂತಾನೆ. ಇವತ್ತು ಎಡ ಬಲ ಅಂದ ತಕ್ಷಣ ರಾಜಕೀಯ ಅಂದ್ಕೊಳ್ಳೋರು ಇದಾರೆ, ಆದ್ರೆ ಸ್ಕೂಲ್ ಶುರುವಾಗಿದ್ದು 1865ರಲ್ಲಿ, ಸಾಲಿನಲ್ಲಿರೋದು ದಾರಿ ತಪ್ಪದೆ ನೇರ ನಡೆಯೋ ಮಾತು. ಹುಡುಗನಿಗೆ ಅಷ್ಟು ಹೇಳಿ ಸಾಕು.

ಮಂಗಳೂರಿನ ಸೇಂಟ್ ಅಲೋಶಿಯಸ್‌ದು ನನಗೆ ಇನ್ನೂ ಇಷ್ಟ, "ಲೂಕೆತ್ ಎತ್ ಆರ್ದೆತ್". ಲೂಕೆತ್, ಬೆಳಗುತ್ತೆ. ಆರ್ದೆತ್, ಉರಿಯುತ್ತೆ. ಯಾರು ಅಂತಿಲ್ಲ, ನಮ್ಮ "ಉತ್ತೆ"ಲಿ ಇರೋ ಹಾಗೇ ಆ "ಎತ್" ಬಾಲದಲ್ಲೇ ಕರ್ತೃ ಅಡಗಿದೆ. ನಡುವೆ ಬಿಡಿಯಾಗಿ ಇರೋ "ಎತ್" ಮಾತ್ರ ಬೇರೆ, ಅದು "ಮತ್ತೆ". ಯೋಹಾನನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಸ್ನಾನಿಕ ಯೋಹಾನನ ಬಗ್ಗೆ "ಅವನು ಉರಿಯುವ ಬೆಳಗುವ ದೀಪ" ಅಂತ ಬರುತ್ತೆ. ಅಲ್ಲಿ ಉರಿಯೋದು ಮೊದಲು, ಬೆಳಗೋದು ಆಮೇಲೆ. ಧ್ಯೇಯವಾಕ್ಯದಲ್ಲಿ ತಿರುವುಮುರುವಾಗಿದೆ. ಬತ್ತಿ ಹಚ್ಚಿ ನೋಡಿ, ಮೊದಲು ಎಣ್ಣೆ ಹೀರಿದ ತುದಿ ಚಟಪಟ ಅಂತ ಕಪ್ಪಾಗಿ ಸುಡುತ್ತೆ, ಆಮೇಲೆ ತಾನೇ ಸುತ್ತ ಬೆಳಕು ನಿಲ್ಲೋದು. ಆದ್ರೆ ದೂರದಿಂದ ಬರೋವ್ರಿಗೆ ಮೊದಲು ಕಾಣೋದು ಬೆಳಕು, ಹತ್ತಿರ ಬಂದ ಮೇಲೇನೇ ಸುಡ್ತಿರೋ ಬತ್ತಿ. ಎರಡು ಕ್ರಮಕ್ಕೂ ಅರ್ಥ ಇದೆ ಅನ್ಸುತ್ತೆ ನನಗೆ.

ಇಲ್ಲಿಂದ ಎರಡನೇ ವಿಷಯಕ್ಕೆ ಬರ್ತೀನಿ. ಬಾಲ ನೋಡಿದ್ರೆ ಪದಗಳ ಅರ್ಥ ಸಿಗುತ್ತೆ, ಸಾಲಿನ ಅರ್ಥ ಸಿಗ್ಬೇಕಂದ್ರೆ ಅದನ್ನ ಎಲ್ಲಿಂದ ಕಿತ್ತರು ಅಂತ ನೋಡ್ಬೇಕು. ಧ್ಯೇಯವಾಕ್ಯ ಅಂದ್ರೆ ಬಹುಪಾಲು ಯಾವುದೋ ಕವಿತೆಯಿಂದಲೋ ಪತ್ರದಿಂದಲೋ ಹರಿದು ತಂದ ತುಂಡು. ಎಲ್‌ಐಸಿ ಮೇಲಿರೋ "ಯೋಗಕ್ಷೇಮಂ ವಹಾಮ್ಯಹಂ" ಗೀತೆಲಿ ಯಾರು ಯಾರಿಗೆ ಯಾಕೆ ಹೇಳಿದ್ದು ಅಂತ ಗೊತ್ತಿದ್ದೋರಿಗೂ ಗೊತ್ತಿಲ್ಲದೋರಿಗೂ ಎಷ್ಟು ವ್ಯತ್ಯಾಸ, ಇಲ್ಲೂ ಅಷ್ಟೇ.

ನಿಮ್ಮ "ಕಾರ್ಪೆ ದಿಯೆಮ್" ತಗೊಳ್ಳಿ. ಇಂಗ್ಲಿಷಲ್ಲಿ ಅದನ್ನ ದಿನವನ್ನ ಹಿಡಿ, ಕಸಿದುಕೋ ಅನ್ನೋ ಥರ ಮಾಡಿ, ಅದು ಕನ್ನಡಕ್ಕೆ ಬಂದು "ದಿನವನ್ನು ವಶಪಡಿಸಿಕೊ" ಅಂತ ಯಾವುದೋ ಯುದ್ಧಕ್ಕೆ ಹೊರಟ ಹಾಗೆ ಆಗಿದೆ. ಮೂಲದಲ್ಲಿ ಅಂಥ ಅಬ್ಬರ ಏನೂ ಇಲ್ಲ. ಹೊರೇಸ್ ಅನ್ನೋ ರೋಮನ್ ಕವಿ ಕ್ರಿಸ್ತಪೂರ್ವ 23ರಲ್ಲಿ ಹೊರತಂದ ಕವಿತೆಗಳ ಮೊದಲನೇ ಪುಸ್ತಕದಲ್ಲಿ ಹನ್ನೊಂದನೇದು, ಎಂಟೇ ಸಾಲು. ಲ್ಯೂಕೋನೊಯೆ ಅನ್ನೋ ಹೆಣ್ಣಿಗೆ ಹೇಳ್ತಿದಾನೆ: ನಿನಗೆಷ್ಟು ಆಯಸ್ಸು ನನಗೆಷ್ಟು ಆಯಸ್ಸು ಅಂತ ಕೇಳಬೇಡ, ಬ್ಯಾಬಿಲೋನಿನವರ ಲೆಕ್ಕ ಹಾಕಿಸ್ಬೇಡ, ಅಂದ್ರೆ ಜಾತಕ ಕೇಳಿಸ್ಬೇಡ, ಬಂದದ್ದನ್ನ ತಡ್ಕೊಳ್ಳೋದೇ ಮೇಲು, ಈ ಚಳಿಗಾಲವೇ ಕೊನೇದಿರಬಹುದು, ಅಲ್ಲಿ ಸಮುದ್ರ ಬಂಡೆಗೆ ಬಡಿದು ಬಡಿದು ದಣೀತಿದೆ, ನೀನು ದ್ರಾಕ್ಷಾರಸ ಸೋಸು, ಉದ್ದನೆ ಆಸೆಯನ್ನ ಕತ್ತರಿಸಿ ಗಿಡ್ಡ ಮಾಡು, ನಾವು ಮಾತಾಡ್ತಿರುವಾಗಲೇ ಕಾಲ ಓಡಿಹೋಗಿರುತ್ತೆ. ಆಮೇಲೆ ಬರುತ್ತೆ "ಕಾರ್ಪೆ ದಿಯೆಮ್", ಅದರ ಬೆನ್ನಿಗೇ "ನಾಳೆಯನ್ನ ಆದಷ್ಟೂ ಕಮ್ಮಿ ನಂಬು" ಅಂತ.

ಕಾರ್ಪೆ ಅನ್ನೋದು ತೋಟದ ಪದ. ಹಣ್ಣು ಕೀಳೋದು, ಹೂ ಬಿಡಿಸೋದು. ಕವಿತೆಲಿ ಸೋಸೋದು, ಕತ್ತರಿಸೋದು, ಬಿಡಿಸೋದು ಎಲ್ಲಾ ದ್ರಾಕ್ಷಿ ತೋಟದ ಕೆಲಸಗಳೇ. ನಮ್ಮಮ್ಮ ಹಿತ್ತಲಲ್ಲಿ ದುಂಡು ಮಲ್ಲಿಗೆ ಬಿಡಿಸ್ತಿದ್ದಿದ್ದು ನೆನಪಾಗುತ್ತೆ ನನಗೆ. ಬೆಳಿಗ್ಗೆ ಬಿಸಿಲು ಏರೋಕೆ ಮುಂಚೆ, ಮೊಗ್ಗು ದಪ್ಪಗೆ ಬೆಳ್ಳಗೆ ಆಗಿದೆ ಆದ್ರೆ ಇನ್ನೂ ಬಾಯಿ ಬಿಟ್ಟಿಲ್ಲ, ಆಗ ಹೆಬ್ಬೆರಳಿನ ಉಗುರು ತೊಟ್ಟಿಗೆ ಕೊಟ್ಟು ಒಂದು ಚೂರು ತಿರುವಿದ್ರೆ ಟಕ್ ಅಂತ ಕೈಗೆ ಬರೋದು, ಎಳೆದ್ರೆ ಪಕ್ಕದ ಚಿಗುರೂ ಕಿತ್ತು ಬರೋದು, ಬೈಸ್ಕೊಂಡಿದೀನಿ. ಸಾಯಂಕಾಲದ ಹೊತ್ತಿಗೆ ಕಟ್ಟಿದ ಮಾಲೆ ತಾನಾಗೇ ಅರಳೋದು. ಗಿಡದಲ್ಲೇ ಬಿಟ್ಟಿದ್ದು ಮಾರನೇ ದಿನ ಕಂದು ಬಣ್ಣ ತಿರುಗಿ ನೆಲಕ್ಕೆ. ಹೊರೇಸ್ ದಿನದ ಬಗ್ಗೆ ಹೇಳ್ತಿರೋದು ಅದನ್ನೇ, "ಈ ದಿನವನ್ನ ಬಿಡಿಸ್ಕೋ". ಹದವಾಗಿ, ಸಮಯಕ್ಕೆ ಸರಿಯಾಗಿ, ಗಿಡಕ್ಕೆ ನೋವಾಗದ ಹಾಗೆ. ಇನ್ನು ಮೇಲೆ ಯಾರದ್ದಾದ್ರೂ ಸ್ಟೇಟಸಲ್ಲಿ ಕಂಡ್ರೆ ಮಲ್ಲಿಗೆ ನೆನೆಸ್ಕೊಳ್ಳಿ.

ಅದೇ ಹೊರೇಸ್‌ನಿಂದ ಮದ್ರಾಸ್ ವಿಶ್ವವಿದ್ಯಾಲಯದವರು ತಗೊಂಡಿದ್ದು "ದೊಕ್ತ್ರೀನ ವಿಮ್ ಪ್ರೋಮೊವೆತ್ ಇನ್‌ಸಿತಮ್", ವಿದ್ಯೆ ಹುಟ್ಟಿನಿಂದ ಬಂದ ಶಕ್ತಿಯನ್ನ ಮುಂದಕ್ಕೆ ತಳ್ಳುತ್ತೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗೋವರೆಗೂ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಲ್ಲಾ ಮದ್ರಾಸಿಗೇ ಸೇರಿದ್ವು, ಹಾಗಾಗಿ ನಮ್ಮ ಹಿರಿಯರೂ ಓದಿದ್ದು ಈ ಸಾಲಿನ ನೆರಳಲ್ಲೇ. ಆದ್ರೆ ಕವಿತೆ ತೆಗೆದು ನೋಡಿದ್ರೆ ದೊಕ್ತ್ರೀನ ಆದ ಮೇಲೆ "ಸೆದ್" ಅಂತ ಇನ್ನೊಂದು ಪುಟ್ಟ ಪದ ಇದೆ, "ಆದರೆ" ಅಂತ. ಅದನ್ನ ಬಿಟ್ಟಿದಾರೆ. ಅದಕ್ಕೂ ಹಿಂದಿನ ಸಾಲುಗಳಲ್ಲಿ ಕವಿ ಹೇಳೋದು ಶೂರರಿಗೆ ಶೂರರೇ ಹುಟ್ತಾರೆ, ಎತ್ತಿಗೂ ಕುದುರೆಗೂ ಅಪ್ಪನ ಕಸುವು ಬರುತ್ತೆ, ಹದ್ದಿನ ಹೊಟ್ಟೇಲಿ ಪಾರಿವಾಳ ಹುಟ್ಟಲ್ಲ ಅಂತ. ಪೂರ್ತಿ ವಂಶದ ಹೊಗಳಿಕೆ. ಆಮೇಲೆ, "ಆದರೆ" ವಿದ್ಯೆ ಬೇಕು. ಆ "ಆದರೆ" ಇದ್ದಾಗ ಅದು ವಾದ, ಇಲ್ಲದಾಗ ಬರೀ ಘೋಷಣೆ. ನನ್ನ ಕೇಳಿದ್ರೆ ಆ ಪದ ಉಳಿಸ್ಕೋಬೇಕಿತ್ತು, ವಂಶದ ಬಲ ಇಲ್ಲದ ಎಷ್ಟೋ ಮನೆಗಳ ಮೊದಲನೇ ಪದವೀಧರರು ಆ ವಿಶ್ವವಿದ್ಯಾಲಯದಿಂದ ಹೊರಗೆ ಬಂದಿದ್ದು.

ಕಿತ್ತ ಜಾಗದಲ್ಲಿ ಅರ್ಥವೇ ಉಲ್ಟಾ ಆದದ್ದೂ ಇದೆ. ಚುನಾವಣೆ ಟೈಮಲ್ಲಿ "ಜನರ ದನಿಯೇ ದೇವರ ದನಿ" ಅಂತ ಓಡಾಡುತ್ತಲ್ಲ, "ವೋಕ್ಸ್ ಪೊಪುಲೀ ವೋಕ್ಸ್ ದೆಯೀ", ಅದು ಸುಮಾರು 798ರಲ್ಲಿ ಆಲ್ಕ್ವಿನ್ ಅನ್ನೋ ವಿದ್ವಾಂಸ ಷಾರ್ಲ್‌ಮೇನ್ ದೊರೆಗೆ ಬರೆದ ಪತ್ರದಲ್ಲಿ ಇದೆ, ಆದ್ರೆ ಅವನು ಬರೆದಿದ್ದು "ಹಾಗೆ ಹೇಳೋವ್ರ ಮಾತು ಕೇಳಬೇಡಿ, ಗುಂಪಿನ ಗದ್ದಲ ಯಾವಾಗ್ಲೂ ಹುಚ್ಚಿಗೆ ಹತ್ತಿರ" ಅಂತ. ಜಿಮ್ ಗೋಡೆ ಮೇ‌ಲಿರೋ "ಮೆನ್ಸ್ ಸಾನ ಇನ್ ಕೊರ್ಪೊರೆ ಸಾನೋ", ಆರೋಗ್ಯದ ಮೈಲಿ ಆರೋಗ್ಯದ ಮನಸ್ಸು, ಅದು ಜುವೆನಾಲ್ ಕವಿಯ ಹತ್ತನೇ ವಿಡಂಬನೆಯ ಸಾಲು, ಅಲ್ಲಿ ಅದು ವ್ಯಾಯಾಮದ ಉಪದೇಶ ಅಲ್ಲ, ದೇವರ ಹತ್ತಿರ ದುಡ್ಡು, ಅಧಿಕಾರ, ದೀರ್ಘಾಯುಷ್ಯ ಅಂತ ಕೇಳ್ತೀರಲ್ಲ, ಕೇಳಲೇಬೇಕು ಅಂತಿದ್ರೆ ಇದನ್ನ ಕೇಳ್ಕೊಳ್ಳಿ ಅಂತ. ಆಸಿಕ್ಸ್ ಶೂ ಹೆಸರು ಇದೇ ಸಾಲಿನ ಇನ್ನೊಂದು ರೂಪದ ಮೊದಲ ಅಕ್ಷರಗಳು, ಮೆನ್ಸ್ ಬದಲು ಅನಿಮ ಅಂತ ಹಾಕಿ ಮಾಡಿದ್ದು.

ಟೀಚರ್ ಆಗಿ ನಿಮಗೆ ಹೇಳಲೇಬೇಕಾದ್ದು ಇನ್ನೊಂದು. "ನೋನ್ ಸ್ಕೊಲೈ ಸೆದ್ ವೀತೈ ದಿಸ್ಕಿಮುಸ್", ನಾವು ಕಲಿಯೋದು ಸ್ಕೂಲಿಗಲ್ಲ, ಬಾಳಿಗೆ. ಯುರೋಪಿನ ಎಷ್ಟೋ ಶಾಲೆಗಳ ಬಾಗಿಲ ಮೇಲಿದೆ, ರೋಮನ್ ತತ್ವಜ್ಞಾನಿ ಸೆನೆಕಾ ಹೇಳಿದ್ದು ಅಂತಾರೆ. ಸೆನೆಕಾ ಗೆಳೆಯ ಲುಕೀಲಿಯುಸ್‌ಗೆ ಬರೆದ 106ನೇ ಪತ್ರದ ಕೊನೆ ಸಾಲು ನೋಡಿದ್ರೆ "ನೋನ್ ವೀತೈ ಸೆದ್ ಸ್ಕೊಲೈ ದಿಸ್ಕಿಮುಸ್" ಅಂತಿದೆ. ಬಾಳಿಗಲ್ಲ, ಸ್ಕೂಲಿಗೆ ಕಲೀತಿದೀವಿ! ಅದು ಸಂಕಟದ ಮಾತು, ಆ ಕಾಲದ ಓದಿನ ಬಗ್ಗೆ ದೂರು. ಮುಂದೆ ಬಂದ ಮೇಷ್ಟ್ರುಗಳು ಎರಡು ಪದ ಅದಲುಬದಲು ಮಾಡಿ ದೂರನ್ನ ಸಂಕಲ್ಪ ಮಾಡ್ಕೊಂಡ್ರು. ಇದು ತಪ್ಪು ಅಂತ ನಾನು ಅನ್ನಲ್ಲ, ಗೊತ್ತಿದ್ದೂ ತಿರುಗಿಸಿದ್ದಾದ್ರೆ ಚೆಂದವೇ, ಆದ್ರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಚಿಂತೆಲಿ ಕೂತಿರೋ ಮಕ್ಕಳಿಗೆ ಒಂದ್ಸಲ ಮೂಲದ ಸಾಲನ್ನೂ ಹೇಳಿ, ಎರಡು ಸಾವಿರ ವರ್ಷದ ಹಿಂದೆ ಒಬ್ಬರು ಇದೇ ಬೇಜಾರು ಪಟ್ಟಿದ್ರು ಅಂತ ಅವಕ್ಕೂ ಗೊತ್ತಾಗ್ಲಿ.

ಉಚ್ಚಾರಣೆ ಬಗ್ಗೆ ಜಗಳ ಬೇಡ. ಹಳೆ ರೋಮನ್ನರು ಲೂಕೆತ್ ಅಂತಿದ್ರು, ಚರ್ಚಿನಲ್ಲಿ ಇಟಲಿಯ ರೀತಿ ಲೂಚೆತ್ ಅಂತಾರೆ, ಕೋರ್ಟಿನವರ "ಹೇಬಿಯಸ್" ಇಂಗ್ಲಿಷ್ ನಾಲಿಗೆಯದ್ದು, ಮೂರೂ ಅವರವರ ಜಾಗದಲ್ಲಿ ಸರಿಯೇ. ನಾನಿಲ್ಲಿ ಮೊದಲನೇದರ ಹತ್ತಿರ ಬರೆದಿದೀನಿ. ಹ್ರಸ್ವ ದೀರ್ಘ ತೋರಿಸೋ ವಿಷಯದಲ್ಲಿ ಕನ್ನಡ ಲಿಪಿ ರೋಮನ್ ಲಿಪಿಗಿಂತ ಎಷ್ಟೋ ಮೇಲು.

ನಿಮ್ಮ ಬೋರ್ಡಿಗೆ ವಾಪಸ್ ಬರ್ತೀನಿ. "ಸ್ಕಿಯೆಂತಿಯ ಲೂಕ್ಸ್" ಅಂತ ಎರಡೇ ಪದ ಹಾಕಿದ್ರೆ ವ್ಯಾಕರಣ ಸರಿಹೋಗುತ್ತೆ. "ಜ್ಞಾನವೇ ಬೆಳಕು" ಅನ್ನೋದ್ರಲ್ಲಿ ನಮಗೆ ಕ್ರಿಯಾಪದ ಬೇಕಾಗಿಲ್ವಲ್ಲ, ಲ್ಯಾಟಿನ್‌ಗೂ ಬೇಕಾಗಿಲ್ಲ. ಆದ್ರೆ ಒಂದು ತೊಡಕಿದೆ, ರೋಮನ್ ಅಕ್ಷರದಲ್ಲಿ ಅದನ್ನ ಬರೆದ್ರೆ ಲಕ್ಸ್ ಸೋಪಿನ ಸ್ಪೆಲ್ಲಿಂಗೇ ಆಗುತ್ತೆ, ಆ ಸೋಪಿನ ಹೆಸರೂ ಇದೇ ಲ್ಯಾಟಿನ್ ಪದ, ಮಕ್ಕಳಿಗೆ ಮೊದಲು ನೆನಪಾಗೋದು ಸೋಪೇ. ಅದಕ್ಕೆ ನನ್ನ ಸಲಹೆ "ಸ್ಕಿಯೆಂತಿಯ ಲೂಕೆತ್", ಜ್ಞಾನ ಬೆಳಗುತ್ತೆ. ಅದೇ ಬೆಳಕು, ಅದೇ ಧಾತು, ಕೆಲಸ ಮಾಡ್ತಿರೋ ರೂಪದಲ್ಲಿ. ಮೇಲೆ ದೊಡ್ಡದಾಗಿ ಕನ್ನಡದಲ್ಲಿ "ಜ್ಞಾನ ಬೆಳಗುತ್ತೆ" ಅಂತ ಬರೆಸಿ, ಮಕ್ಕಳು ಮೊದಲು ಅದನ್ನ ಓದ್ಲಿ, ಕೆಳಗೆ ಚಿಕ್ಕದಾಗಿ ಲ್ಯಾಟಿನ್ ಇರ್ಲಿ.

ಪೇಂಟರ್‌ಗೆ ಫೋನಲ್ಲಿ ಹೇಳೋದಾದ್ರೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ವಾಪಸ್ ಓದಿಸಿ ಕೇಳ್ಕೊಳ್ಳಿ. ಮೊದಲನೇ ಪದ ಎಸ್, ಸಿ, ಐ, ಇ, ಎನ್, ಟಿ, ಐ, ಎ. ಜಾಗ ಬಿಟ್ಟು ಎರಡನೇದು ಎಲ್, ಯು, ಸಿ, ಇ, ಟಿ. ಟಿ ಒಂದೇ, ಎರಡು ಹಾಕ್ಬಾರ್ದು ಅಂತ ಒತ್ತಿ ಹೇಳಿ.